ಪೈಪ್ ಲೀಕ್ ನೆಲದಡೀಲಿ, ಬೈಗುಳ ಮಾತ್ರ ಮಳೆಗೆ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಲ್ಲಿ ಗೋಡೆ ಒದ್ದೆ ಆದ್ರೆ ಯಾರೂ ಕಾರಣ ಹುಡ್ಕಲ್ಲ, ಮಳೆ ಅಂದ್ರೆ ಮುಗೀತು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಗ್ಗದ ಮೇಲಿನ ಬಟ್ಟೆನೇ ಒಣಗಲ್ಲ, ಗೋಡೆ ಎಲ್ಲಿ ಒಣಗತ್ತೆ ಅಂತ ನಾನೂ ಎರಡು ವರ್ಷ ತಳ್ಳಿದೆ. ಅಡುಗೆಮನೆ ಗೋಡೆ ಬುಡದಲ್ಲಿ ಪೇಂಟ್ ಬೊಬ್ಬೆ ಎದ್ದು ಉದುರ್ತಿತ್ತು, ವಾಟರ್‌ಪ್ರೂಫ್ ಪೇಂಟ್ ಹೊಡ್ಸಿದ್ದೇ ಹೊಡ್ಸಿದ್ದು. ಕಳೆದ ಜನವರೀಲಿ ಅಂಗಳದಲ್ಲಿ ಕಾಫಿ ಒಣಗ್ತಾ ಇದೆ, ಕಾಲಿಟ್ರೆ ಧೂಳು, ಒಳಗೆ ನೋಡಿದ್ರೆ ಅದೇ ಗೋಡೆ ಅಷ್ಟೇ ಒದ್ದೆ! ಆಗ ತಲೆಗೆ ಹೋಯ್ತು ಇದು ಮೇಲಿಂದ ಬಿದ್ದ ನೀರಲ್ಲ ಅಂತ.

ಪ್ಲಂಬರ್ ಕರ್ಸಿದೆ. ಬಂದವ್ನು ಒದ್ದೆ ಕಂಡಲ್ಲೇ ನಾಲ್ಕು ಟೈಲ್ಸ್ ಒಡೆದ, ಕೆಳಗೆ ತೂತೂ ಇಲ್ಲ ಪೈಪೂ ಇಲ್ಲ, ಬರೀ ಕೆಸರು. ಆಮೇಲೆ ಬಾತ್‌ರೂಮ್‌ನಿಂದ ಅಡುಗೆಮನೆ ತನಕ ಪೂರ್ತಿ ಎಬ್ಬಿಸ್ಬೇಕು ಸಾರ್ ಅಂದ. ಅವನದ್ದೊಂದೇ ತಪ್ಪು ಅನ್ನಲ್ಲ, ಪೈಪ್ ಎಲ್ಲಿ ಹೋಗಿದೆ ಅಂತ ಮನೆ ಕಟ್ಸಿದ ನಂಗೇ ಗೊತ್ತಿರ್ಲಿಲ್ಲ. ಕಾಂಕ್ರೀಟ್ ಅಡೀಲಿ ನೀರು ಇಳಿಜಾರು ಹುಡ್ಕೊಂಡು ಹೋಗತ್ತೆ, ಲೀಕ್ ಒಂದು ಕಡೆ ಇದ್ರೆ ಒದ್ದೆ ಇನ್ನೊಂದು ಕಡೆ ಏಳತ್ತೆ.

ಅವನನ್ನ ಕಳ್ಸಿ ನಾನೇ ಪರೀಕ್ಷೆಗೆ ಕೂತೆ. ರಾತ್ರಿ 10ಕ್ಕೆ ಎಲ್ಲಾ ನಲ್ಲಿ ಬಂದ್ ಮಾಡಿ 1,000 ಲೀಟರ್ ಟ್ಯಾಂಕ್ ಒಳಗೆ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದೆ, ಬೆಳಿಗ್ಗೆ 6ಕ್ಕೆ ನೋಡಿದ್ರೆ ನಾಲ್ಕು ಬೆರಳು ಇಳಿದಿತ್ತು. ಲೆಕ್ಕ ಹಾಕಿದ್ರೆ ಸುಮಾರು 65 ಲೀಟರ್, ಅಂದ್ರೆ ದಿನಕ್ಕೆ 200 ಲೀಟರ್ ಹತ್ರ ನಮ್ಮ ಪಾಯಕ್ಕೇ ಹೋಗ್ತಿದೆ. ಮಾರನೇ ರಾತ್ರಿ ಅಡುಗೆಮನೆ ವಾಲ್ವ್ ಬಂದ್ ಮಾಡಿದೆ, ಆದ್ರೂ ಇಳೀತು. ಮೂರನೇ ರಾತ್ರಿ ಗೀಸರ್‌ಗೆ ನೀರು ಹೋಗೋ ವಾಲ್ವ್ ಬಂದ್ ಮಾಡಿದ್ರೆ ಗೆರೆ ಕದಲ್ಲಿಲ್ಲ, ಸಿಕ್ತು ಕಳ್ಳ. ಬಿಸಿನೀರಿನ ಲೈನ್ ಅಂತ ಗೊತ್ತಾದ್ಮೇಲೆ ಜಾಗ ಹುಡ್ಕೋದು ಸುಲಭ, ಗೀಸರ್ ಹಾಕಿ ಒಂದು ಗಂಟೆ ಬಿಟ್ಟು ಬರಿಗಾಲಲ್ಲಿ ಓಡಾಡಿದೆ, ಪ್ಯಾಸೇಜ್‌ನಲ್ಲಿ ಒಂದು ಟೈಲ್ ಬೆಚ್ಚಗಿತ್ತು. ನಮ್ಮನೆ ಬೆಕ್ಕು ಚಳಿಗಾಲ ಪೂರ್ತಿ ಅಲ್ಲೇ ಮಲಗ್ತಿತ್ತು, ನಾವು ಸೋಮಾರಿ ಅಂತ ಬೈತಿದ್ವಿ.

ಮೂರಡಿ ಅಗೆದ್ರೆ ಸಾಕಾಯ್ತು. ಪೈಪ್ ತಿರುಗೋ ಕಡೆ ಹಾಕೋ ಎಲ್ಬೋ ಜಾಯಿಂಟ್ ಸೀಳಿತ್ತು. ಗೀಸರ್ ಲೈನಿಗೆ ಬಿಸಿನೀರು ತಡೆಯೋ ಸಿಪಿವಿಸಿ ಪೈಪ್ ಹಾಕೋ ಬದ್ಲು ತಣ್ಣೀರಿನ ಪಿವಿಸಿ ಹಾಕಿದ್ರು, ಅದು ಬಿಸಿಗೆ ಮೆತ್ತಗಾಗತ್ತೆ. ಅದಕ್ಕಿಂತ ದೊಡ್ಡ ಕಾರಣ ಜಾಗದ್ದು. ಇಲ್ಲಿ ಸಮತಟ್ಟು ಸೈಟ್ ಎಲ್ಲಿದೆ ಹೇಳಿ, ಅರ್ಧ ಬರೆ, ಅಂದ್ರೆ ಗುಡ್ಡದ ಇಳಿಜಾರು, ಕಡಿದು ಆ ಮಣ್ಣನ್ನೇ ಇನ್ನರ್ಧಕ್ಕೆ ತುಂಬಿ ಮನೆ ಕಟ್ತೀವಿ, ಕಡಿದ ಕಡೆ ನೆಲ ಗಟ್ಟಿ, ತುಂಬಿದ ಕಡೆ ಒಂದೊಂದು ಮಳೆಗೂ ಸ್ವಲ್ಪ ಸ್ವಲ್ಪ ಕೂರತ್ತೆ, ಎರಡರ ಮಧ್ಯೆ ಹಾದು ಹೋಗೋ ಪೈಪ್ ಏನ್ಮಾಡ್ಬೇಕು ಪಾಪ, ಜಾಯಿಂಟ್‌ನಲ್ಲಿ ಬಿಡ್ತು. ನಮ್ಮ ಎಲ್ಬೋ ಇದ್ದಿದ್ದು ಸರಿಯಾಗಿ ಆ ಗಡೀಲೇ.

ಅದನ್ನ ಅಲ್ಲೇ ರಿಪೇರಿ ಮಾಡ್ಲಿಲ್ಲ. ಎರಡೂ ತುದಿ ಕತ್ತರಿಸಿ ಎಂಡ್ ಕ್ಯಾಪ್ ಹಾಕಿ ಹಳೇ ಲೈನನ್ನ ಹಾಗೇ ಬಿಟ್ಟು ಗೋಡೆ ಮೇಲೆ ಹೊಸ ಸಿಪಿವಿಸಿ ಎಳೆಸಿದೆ. ಗೋಡೇಲಿ ಪೈಪ್ ಕಾಣೋದು ನಮ್ಮನೆಯವ್ರಿಗೆ ಇಷ್ಟ ಇಲ್ಲ, ನಂಗೆ ಅದು ಕಣ್ಣಿಗೆ ಕಾಣೋದೇ ಸಮಾಧಾನ. ಪಕ್ಕದ ಮನೇಲಿ ನೆಲದೊಳಗೇ ಜಾಯಿಂಟ್ ಮಾಡ್ಸಿದ್ರು, ಒದ್ದೆ ಪೈಪಿಗೇ ಅಂಟಿಸೋ ಸಲ್ಯೂಷನ್ ಹಚ್ಚಿ ಅವತ್ತೇ ಸಂಜೆ ಕಾಂಕ್ರೀಟ್ ಮುಚ್ಚಿದ್ರು, ಒಂದೇ ತಿಂಗಳಿಗೆ ಮತ್ತೆ ಶುರು. ಪೈಪ್ ಪೂರ್ತಿ ಒಣಗ್ಬೇಕು, ಅಂಟು ಗಟ್ಟಿಯಾದ್ಮೇಲೆ ಪ್ರೆಶರ್‌ನಲ್ಲಿ ಒಂದು ದಿನ ನೀರು ಬಿಟ್ಟು ನೋಡ್ಬೇಕು, ಸುತ್ತ ಮರಳು ಹಾಕಿ ಆಮೇಲೆ ಮುಚ್ಚೋದು. ಇಷ್ಟಕ್ಕೂ ತಾಳ್ಮೆ ಇಲ್ಲ ನಮ್ಗೆ.

2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದಿದ್ದು ನೋಡಿದವ್ರಿಗೆ ನೀರು ಕುಡಿದ ಮಣ್ಣು ಏನ್ಮಾಡತ್ತೆ ಅಂತ ಹೇಳ್ಬೇಕಾಗಿಲ್ಲ. ಅವತ್ತು ಬರೆ ಜರಿದಿದ್ದಕ್ಕೆ ಮನೆ ಪೈಪ್ ಕಾರಣ ಅಂತ ನಾನು ಹೇಳ್ತಿಲ್ಲ, ಆದ್ರೆ ತುಂಬಿದ ಮಣ್ಣಿನ ಮೇಲೆ ಮನೆ ಕಟ್ಟಿ ಅದರ ಹೊಟ್ಟೆಗೆ ವರ್ಷಾನುಗಟ್ಲೆ ನೀರು ಬಿಡೋದು ಯಾವ ಧೈರ್ಯ?

ಮನೆ ಲೈಸೆನ್ಸ್‌ಗೆ ಕೊಡೋ ಪ್ಲಾನ್‌ನಲ್ಲಿ ರೂಮು ಕಿಟಕಿ ಎಲ್ಲಾ ಇರತ್ತೆ, ನಂದ್ರಲ್ಲಿ ನೀರಿನ ಲೈನ್ ಒಂದು ಗೆರೆನೂ ಇರ್ಲಿಲ್ಲ. ನಗರಸಭೆ, ಪಂಚಾಯ್ತಿಯವ್ರು ಅದನ್ನೂ ಕೇಳ್ಲಿ, ಜೊತೆಗೆ ಕಾಂಕ್ರೀಟ್ ಹಾಕೋ ಮುಂಚೆ ಪೈಪ್ ಹೋದ ದಾರಿಯ ಫೋಟೋ. ನೆಲದಡಿ ಲೀಕ್ ಶಬ್ದ ಕೇಳಿ ಪತ್ತೆ ಹಚ್ಚೋ ಮೆಷಿನ್ ಬರತ್ತೆ, ಕುಶಾಲನಗರದ ಪಾಲಿಟೆಕ್ನಿಕ್‌ನಲ್ಲೋ ಪೊನ್ನಂಪೇಟೆ ಎಂಜಿನಿಯರಿಂಗ್ ಕಾಲೇಜಲ್ಲೋ ಒಂದಿಟ್ಟು ಪ್ಲಂಬರ್‌ಗಳಿಗೆ ಬಾಡಿಗೆಗೆ ಕೊಟ್ರೆ ಎಷ್ಟು ಮನೆಗಳ ಟೈಲ್ಸ್ ಉಳಿಯತ್ತೆ ನೋಡಿ.

ಅಲ್ಲಿ ತನಕ ಅನುಮಾನ ಇರೋರು ಟ್ಯಾಂಕಿಗೆ ಗೆರೆ ಎಳೆದು ಮಲಗಿ. ಮೋಟಾರ್ ಆಟೋಮ್ಯಾಟಿಕ್ ಇದ್ರೆ ಮೊದ್ಲು ಆಫ್ ಮಾಡಿ, ನಾನು ಅದನ್ನ ಮರೆತು ಒಂದು ರಾತ್ರಿ ದಂಡ ಮಾಡ್ಕೊಂಡಿದ್ದೆ.

ಇಂತಿ,
ಮಡಿಕೇರಿ ತಾಲ್ಲೂಕಿನ ಒಬ್ಬ ಓದುಗ