ಗೋದಲಿ ಸ್ಪರ್ಧೆಯಲ್ಲಿ ಗಾತ್ರಕ್ಕಿಂತ ಅಳತೆಗೆ ಬೆಲೆ ಸಿಗಲಿ

ಮಾನ್ಯ ಸಂಪಾದಕರೇ,

ಕ್ರಿಸ್ಮಸ್ ಹತ್ತಿರ ಬರುತ್ತಿದ್ದಂತೆ ಕಾಸರಗೋಡು ಜಿಲ್ಲೆಯ ಇಗರ್ಜಿಗಳಲ್ಲಿಯೂ ಯುವಕ ಸಂಘಗಳಲ್ಲಿಯೂ ಗೋದಲಿ ಸ್ಪರ್ಧೆಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಬೊಂಬೆಗಳಲ್ಲಿ ಮಾಡಿ ತೋರಿಸುವ ಸ್ಪರ್ಧೆಯ, ಮಾತು ಆರಂಭವಾಗುತ್ತದೆ. ಸ್ಪರ್ಧೆ ನಡೆಸುವವರಲ್ಲಿ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ವಿನಂತಿಯಿದೆ. ಗೋದಲಿ ಎಷ್ಟು ದೊಡ್ಡದು, ಎಷ್ಟು ದೀಪ ಮಿನುಗುತ್ತದೆ ಎಂದು ನೋಡಿ ಅಂಕ ಕೊಡುವ ಬದಲು, ಒಂದೇ ಅಳತೆಗೆ ಬದ್ಧವಾಗಿ ಕೈಯಿಂದ ಮಾಡಿದ ಚಿಕಣಿ ಕೆಲಸಕ್ಕೆ ಬೆಲೆ ಕೊಡಬೇಕು; ಮಕ್ಕಳಿಗಾಗಿ ಅದರದೇ ಒಂದು ವಿಭಾಗವನ್ನು ತೆರೆಯಬೇಕು.

ಬೊಂಬೆಮನೆ ಕಟ್ಟುವವರು ಬಹುವಾಗಿ ಬಳಸುವ ಅಳತೆ ಅಡಿಗೆ ಒಂದು ಇಂಚಿನದು. ಆರಡಿಯ ಬಾಗಿಲು ಅಲ್ಲಿ ಆರಿಂಚಾಗುತ್ತದೆ, ಎರಡಡಿಯ ಜಗಲಿ ಎರಡಿಂಚಾಗುತ್ತದೆ. ನವದೆಹಲಿಯ ವಿನ್ಯಾಸಕಾರರಲ್ಲಿ ಒಬ್ಬರಾದ ಎಡ್ವಿನ್ ಲುಟಿಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ರೂಪಿಸಿದ, 1924ರಲ್ಲಿ ಪೂರ್ಣಗೊಂಡು ಇಂದಿಗೂ ವಿಂಡ್ಸರ್ ಅರಮನೆಯಲ್ಲಿರುವ ಬೊಂಬೆಮನೆಯೂ ಇದೇ ಅಳತೆಯದು. ಅದರ ನಲ್ಲಿಗಳಲ್ಲಿ ನೀರು ಸಹ ಬರುತ್ತದೆ. ನಮ್ಮ ಮಕ್ಕಳಿಗೆ ಅಷ್ಟೆಲ್ಲ ಬೇಡ. ಒಂದು ಟೇಪು, ಒಂದು ಕತ್ತರಿ, ಸ್ವಲ್ಪ ಅಂಟು ಇದ್ದರೆ ಸಾಕು.

ಕಳೆದ ವರ್ಷ ನೆರೆಮನೆಗಳ ಐದು ಮಕ್ಕಳೊಂದಿಗೆ ನಾನು ಮಾಡಿದ ಗೋದಲಿಯಲ್ಲಿ ಥರ್ಮೋಕೋಲಿನ ಹಿಮಬೆಟ್ಟವಿರಲಿಲ್ಲ. ನಮ್ಮ ಕಡೆಯ ಹಳೆಯ ಹಂಚಿನ ಮನೆ ಮತ್ತು ಅದರ ಪಕ್ಕದ ದನದ ಹಟ್ಟಿ ಇದ್ದವು. ಹೀಗೆ ಮಾಡುವುದು ಸಂಪ್ರದಾಯಕ್ಕೆ ವಿರುದ್ಧವೆಂದು ಯಾರೂ ಭಾವಿಸಬೇಕಾಗಿಲ್ಲ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿಯ ಹುಲ್ಲನ್ನೇ, ಅಲ್ಲಿಯ ಎತ್ತು ಕತ್ತೆಗಳನ್ನೇ ತರಿಸಿ, ಊರವರನ್ನು ಸುತ್ತ ನಿಲ್ಲಿಸಿದ್ದರು.

ಅಳತೆಯ ನಿಯಮವನ್ನು ಹೇಳಿದ ಮರುದಿನವೇ ಐದನೇ ತರಗತಿಯ ಹುಡುಗನೊಬ್ಬ ಟೇಪು ಹಿಡಿದು ತನ್ನ ಅಜ್ಜಿಯ ಮನೆಗೆ ಹೋಗಿ ಜಗಲಿ, ಹೊಸ್ತಿಲು, ಕಿಟಕಿಯ ಸರಳು, ಹಟ್ಟಿಯ ಮಾಡು ಎಲ್ಲವನ್ನೂ ಅಳೆದು ಬರೆದುಕೊಂಡು ಬಂದನು. ಕಾಂಕ್ರೀಟು ಮನೆಯಲ್ಲಿ ಬೆಳೆದ ಅವನಿಗೆ ಮಾಡಿನ ಮರಗಳಲ್ಲಿ ಪಕ್ಕಾಸು ಯಾವುದು, ಅದರ ಮೇಲೆ ಹಂಚು ಹೊರುವ ರೀಪು ಯಾವುದು ಎಂದು ತಿಳಿದದ್ದು ಆ ದಿನ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಒಳ್ಳೆಯ ಕನ್ನಡ ತರಗತಿ ನೆನಪಿಗೆ ಬರುವುದಿಲ್ಲ.

ರಟ್ಟಿನ ಪೆಟ್ಟಿಗೆಯನ್ನು ಸಣ್ಣದಾಗಿ ಕತ್ತರಿಸಿ, ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ಬಳಿದಾಗ ಹಂಚುಗಳಾದವು. ಹಿಡಿಸೂಡಿಯ ಕಡ್ಡಿಗಳು ರೀಪುಗಳಾದವು, ಅಡಿಕೆ ಹಾಳೆ ಗೋಡೆಯಾಯಿತು. ತೆಂಗಿನ ಗೆರಟೆಗಳಲ್ಲಿ ಹತ್ತು ದಿನ ಮೊದಲೇ ಬಿತ್ತಿದ್ದ ರಾಗಿ ಹಬ್ಬದ ಹೊತ್ತಿಗೆ ಥೇಟ್ ಭತ್ತದ ಗದ್ದೆಯ ಹಾಗೆ ನಿಂತಿತ್ತು. ಅಂಗಡಿಯಲ್ಲಿ ಸಿಗುವ ಎತ್ತಿನ ಬೊಂಬೆ ಬಾಗಿಲಿಗಿಂತ ಎತ್ತರವಾಗಿದ್ದುದರಿಂದ ಅದನ್ನು ಬಿಟ್ಟು, ಮೂರಡಿಯ ಆಸುಪಾಸು ಎತ್ತರದ ನಮ್ಮ ಕಾಸರಗೋಡು ಗಿಡ್ಡ ತಳಿಯ ದನವನ್ನು ಜೇಡಿಮಣ್ಣಿನಲ್ಲಿ ಮೂರಿಂಚಿಗೆ ಮಾಡಿದೆವು. ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಚಾವಡಿಯ ಮೇಜಿನ ಮೇಲಿಟ್ಟ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ. ಕೋಟಿನ ಗುಂಡಿಯೇ ತಟ್ಟೆ. ಉಪ್ಪು ಬೆರೆಸಿ ನಾದಿದ ಮೈದಾ ಹಿಟ್ಟನ್ನು ಒತ್ತು ಹಲ್ಲಿನ ಬಾಚಣಿಗೆಯ ಮೇಲೆ ಸೂಜಿಯಿಂದ ಉರುಳಿಸಿ, ಜೀರಿಗೆಯಷ್ಟು ಗಾತ್ರದ ಕಿಡಿಯೊಗಳನ್ನು (ಎಣ್ಣೆಯಲ್ಲಿ ಕರಿಯುವ ಸುರುಳಿ ತಿಂಡಿ) ಇಬ್ಬರು ಹುಡುಗಿಯರು ಒಂದು ಇಡೀ ಸಂಜೆ ಕುಳಿತು ಮಾಡಿದರು. ಒಣಗಿದ ಮೇಲೆ ಚಹಾ ಡಿಕಾಕ್ಷನ್ ಸವರಿದಾಗ ಅವು ಎಣ್ಣೆಯಿಂದ ಈಗಷ್ಟೇ ತೆಗೆದಂತೆ ಕೆಂಪಗಾದವು.

ಈ ಗೋದಲಿಯನ್ನು ಸ್ಪರ್ಧೆಯೊಂದಕ್ಕೆ ಒಯ್ದಾಗ ಅದಕ್ಕೆ ಸಿಕ್ಕಿದ ಜಾಗ ನೆಲದ ಮೇಲೆ, ಧ್ವನಿವರ್ಧಕದ ಪಕ್ಕದಲ್ಲಿ. ತೀರ್ಪುಗಾರರು ನಿಂತಲ್ಲಿಂದಲೇ ನೋಡಿ ಮುಂದೆ ಹೋದರು. ಬಗ್ಗಿ ನೋಡದೆ ಆ ತಟ್ಟೆ ಕಾಣುವುದಾದರೂ ಹೇಗೆ? ಬಹುಮಾನ ಥರ್ಮೋಕೋಲಿನ ಬೆಟ್ಟಕ್ಕೆ ಹೋಯಿತು. ಬಹುಮಾನ ಬರಲಿಲ್ಲವೆಂಬ ದುಃಖ ನನಗಿಲ್ಲ. ಆದರೆ ಮರಳುವ ದಾರಿಯಲ್ಲಿ ಆ ಹುಡುಗಿಯರು, ಮುಂದಿನ ವರ್ಷ ನಾವೂ ದೊಡ್ಡದೇ ತರೋಣ ಟೀಚರ್ ಎಂದದ್ದು ಇನ್ನೂ ಮನಸ್ಸಿನಲ್ಲಿದೆ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ ಎಂಬುದನ್ನೂ ಸಂಘಟಕರು ಗಮನಿಸಬೇಕು.

ನಿಯಮಾವಳಿಗೆ ಕೆಲವೇ ಮಾತು ಸೇರಿಸಿದರೆ ಸಾಕಾಗುತ್ತದೆ. ಮಕ್ಕಳ ವಿಭಾಗದ ಗೋದಲಿ ಎರಡಡಿ ಚೌಕವನ್ನು ಮೀರಬಾರದು, ಅಡಿಗೆ ಇಂಚಿನ ಅಳತೆ ಕಡ್ಡಾಯವಾಗಬೇಕು, ಮತ್ತು ತೀರ್ಪುಗಾರರ ಕೈಯಲ್ಲಿ ಒಂದು ಅಳತೆಪಟ್ಟಿ ಇರಬೇಕು. ಬೈಹುಲ್ಲಿನ ನಡುವೆ ಮೇಣದ ಬತ್ತಿ ಹಚ್ಚುವುದು ಅಪಾಯವಾದ್ದರಿಂದ, ಬ್ಯಾಟರಿಯ ಸಣ್ಣ ಎಲ್‌ಇಡಿ ದೀಪಕ್ಕೆ ಮಾತ್ರ ಅವಕಾಶವಿರಲಿ. ದಯವಿಟ್ಟು ಮಕ್ಕಳ ಕೆಲಸವನ್ನು ನೆಲದ ಮೇಲಿಡದೆ, ನೋಡುವವರ ಕಣ್ಣಿನ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಿ. ತಾವು ಕೂಡ ನವೆಂಬರಿನಲ್ಲಿಯೇ ಮಕ್ಕಳ ಪುಟದಲ್ಲಿ ಬಾಗಿಲು, ಜಗಲಿ, ಹಟ್ಟಿಗಳ ಅಳತೆಯ ಚಿತ್ರವೊಂದನ್ನು ಕನ್ನಡದ ಹೆಸರುಗಳೊಂದಿಗೆ ಪ್ರಕಟಿಸಿದರೆ, ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಅದನ್ನು ಹಂಚುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕಿ,
ಬೇಳ, ಕಾಸರಗೋಡು ಜಿಲ್ಲೆ