ಕಳಲೆಯ ಬಾಟಲಿ ಮತ್ತು ಕಾಕಾ ಅವರ ನಾಲಿಗೆ

ಪ್ರಿಯ ಗೆಳೆಯ ಅಧ್ಯಕ್ಷರೇ,

ಈ ವಿಷಯವನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಸ್ಪೀಕರಿನಲ್ಲಿರುತ್ತದೆ, ನಿನ್ನ ಅಮ್ಮ ಸದಾ ಪಕ್ಕದಲ್ಲಿರುತ್ತಾರೆ. ಹಾಗಾಗಿ ಊರವರೆಲ್ಲ ಓದುವ ಈ ಜಾಗವೇ ಗುಟ್ಟು ಹೇಳಲು ಹೆಚ್ಚು ಸುರಕ್ಷಿತವೆಂದು ತೀರ್ಮಾನಿಸಿದ್ದೇನೆ. ಇದನ್ನು ಅಮ್ಮನಿಗೆ ಓದಿ ಹೇಳುವ ಉತ್ಸಾಹಿಗಳು ತೀರ್ಥಹಳ್ಳಿಯ ಕಡೆ ಯಾರಾದರೂ ಇದ್ದರೆ ಅವರಿಗೆ ಈಗಲೇ ಕೈಮುಗಿಯುತ್ತೇನೆ.

ಕಳೆದ ತಿಂಗಳು ಅಮ್ಮ ಕಳಿಸಿದ ಕಳಲೆ (ಎಳೆ ಬಿದಿರು) ಉಪ್ಪಿನಕಾಯಿಯ ಬಾಟಲಿ ತಲುಪಿತು. ಎಂದಿನಂತೆ ಹಳೆಯ ಪತ್ರಿಕೆಯ ಮೂರು ಸುತ್ತು, ಮೇಲೊಂದು ಪ್ಲಾಸ್ಟಿಕ್ ಚೀಲ. ಆದರೂ ಮೂಲೆಯಲ್ಲಿ ಎಣ್ಣೆ ಜಿನುಗಿ ವಿಳಾಸದಲ್ಲಿನ ‘ಕಲಬುರಗಿ’ ಬರೀ ‘ಕಲಬು’ ಆಗಿತ್ತು. ಎಂದಿನಂತೆ ಅದನ್ನು ಕಚೇರಿಗೆ ಒಯ್ಯಲೆಂದು ಚೀಲಕ್ಕೆ ಹಾಕಿಕೊಂಡ ಮೇಲೆ ನೆನಪಾಯಿತು: ನಮ್ಮ ವಾಚ್‌ಮನ್ ಕಾಕಾ ಜೂನ್ ಕೊನೆಗೆ ನಿವೃತ್ತರಾಗಿ ಸೇಡಂ ಹತ್ತಿರದ ತಮ್ಮ ಹಳ್ಳಿಗೆ ಹೋಗಿಬಿಟ್ಟಿದ್ದಾರೆ.

ಈಗ ನಿನಗೆ ಅರ್ಥವಾಗತೊಡಗಿರಬೇಕು. 2009ರಲ್ಲಿ ಧಾರವಾಡದ ಹಾಸ್ಟೆಲ್ಲಿಗೆ ಬಂದ ಮೊದಲ ಬಾಟಲಿಯಿಂದ ಮೊದಲುಗೊಂಡು ನಾನು ಅಮ್ಮನ ಕಳಲೆಯ ಒಂದು ಹೋಳನ್ನೂ ಬಾಯಿಗಿಟ್ಟವನಲ್ಲ. ಹಾಸ್ಟೆಲ್ಲಿನ ಬಾಟಲಿಗಳು ಹಿತ್ತಲಿನ ಮೋರಿಗೆ ಹೋದವು. ನೌಕರಿ ಸೇರಿದ ಮೇಲೆ ಬಂದವು ಕಾಕಾ ಅವರ ಬುತ್ತಿಗೆ ಸೇರಿದವು. ಅವರು ಜೋಳದ ರೊಟ್ಟಿಯ ಮೇಲೆ ಎರಡು ಹೋಳಿಟ್ಟುಕೊಂಡು ಉಂಡು ಹೇಳುತ್ತಿದ್ದ ಅಭಿಪ್ರಾಯವನ್ನೇ ನಾನು ಭಾನುವಾರದ ಫೋನಿನಲ್ಲಿ ಅಮ್ಮನಿಗೆ ಒಪ್ಪಿಸುತ್ತಿದ್ದೆ. ಈ ವರ್ಷ ಸಾಸಿವೆ ಮುಂದಾಗಿದೆ, ಹೋದ ವರ್ಷ ಹೋಳು ಇನ್ನಷ್ಟು ಎಳೆಯದಿತ್ತು, ಇತ್ಯಾದಿ. ಅಮ್ಮ ಅದಕ್ಕೆ ತಕ್ಕಂತೆ ಮರುವರ್ಷ ಹದ ಬದಲಿಸುತ್ತಿದ್ದರು. ಅಂದರೆ ತೀರ್ಥಹಳ್ಳಿಯ ಅಡುಗೆಮನೆಯೊಂದು ಇಷ್ಟು ವರ್ಷಗಳಿಂದ ಸೇಡಂ ಕಡೆಯ ಹಿರಿಯರೊಬ್ಬರ ನಾಲಿಗೆಗೆ ಹೊಂದಿಕೊಳ್ಳುತ್ತಾ ಬಂದಿದೆ, ಮತ್ತು ಆ ಇಬ್ಬರಿಗೂ ಅದು ಗೊತ್ತಿಲ್ಲ.

ಉಣ್ಣುವವರಿಲ್ಲದ ಬಾಟಲಿ, ಎದುರಿಗೆ ಭಾನುವಾರ. ಹೆದರಿದಾಗ ನಾನು ಓದುತ್ತೇನೆಂಬುದು ನಿನಗೆ ಗೊತ್ತು. ಹೊಸ ಆಹಾರದ ಅಂಜಿಕೆಯನ್ನು ಅಳೆಯಲು ಪ್ಯಾಟ್ರೀಷಿಯಾ ಪ್ಲೈನರ್ ಮತ್ತು ಕ್ಯಾರೆನ್ ಹಾಬ್ಡನ್ ಎಂಬ ಸಂಶೋಧಕಿಯರು 1992ರಲ್ಲಿ ಹತ್ತು ಹೇಳಿಕೆಗಳ ಅಳತೆಗೋಲೊಂದನ್ನು ರೂಪಿಸಿದ್ದಾರೆ. ಕನಿಷ್ಠ 10 ಅಂಕ, ಗರಿಷ್ಠ 70. ನನಗೆ 61 ಬಂತು. ಶಾಲೆಯ ಗಣಿತದಲ್ಲಿಯೂ ಅಷ್ಟು ಬಂದಿರಲಿಲ್ಲ. ಲೀಆನ್ ಬರ್ಚ್ ಮತ್ತು ಅವರ ಸಹೋದ್ಯೋಗಿ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳಲ್ಲಿ ಒಂದನ್ನು 2 ಸಲ, ಉಳಿದವನ್ನು 5, 10, 15, 20 ಸಲ ಹೀಗೆ ಕೊಟ್ಟು ನೋಡಿದಾಗ, ಹೆಚ್ಚು ಸಲ ತಿಂದದ್ದನ್ನೇ ಮಕ್ಕಳು ಹೆಚ್ಚು ಮೆಚ್ಚಿದವು. ಬರ್ಚ್ ತಂಡದ 1987ರ ಇನ್ನೊಂದು ಅಧ್ಯಯನದ ಪ್ರಕಾರ ಬರೀ ಕಣ್ಣಿನಿಂದ ನೋಡಿದರೆ ಸಾಲದು, ನಾಲಿಗೆಗೆ ಮುಟ್ಟಲೇಬೇಕು. ಬಾಟಲಿಯನ್ನು ಕಪಾಟಿನಲ್ಲಿಟ್ಟು ದೂರದಿಂದ ಪರಿಚಯ ಬೆಳೆಸಿಕೊಳ್ಳುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು.

ಮೊದಲ ದಿನ ಹೆಸರುಕಾಳಿನಷ್ಟು ಚೂರು, ಮೊಸರಿನಲ್ಲಿ ಅದ್ದಿದ ರೊಟ್ಟಿಯೊಳಗೆ ಬಚ್ಚಿಟ್ಟು, ಮೂಗು ಹಿಡಿದುಕೊಂಡು. ಮೂಗು ಹಿಡಿದಿರುವವರೆಗೆ ಅದು ಬರೀ ಉಪ್ಪು ಮತ್ತು ಹುಳಿ. ಬಿಟ್ಟೊಡನೆ ಬಾಯಿಯ ಹಿಂಬದಿಯಿಂದ ಮೂಗಿಗೆ ಏರಿತು ನೋಡು, ಮಳೆಯಲ್ಲಿ ನೆನೆದ ಗೋಣಿಚೀಲವನ್ನು ಮುಚ್ಚಿದ ಕೋಣೆಯಲ್ಲಿಟ್ಟಂತಹ ಆ ವಾಸನೆ! ನಾನು ಇಷ್ಟು ವರ್ಷ ರುಚಿಯೆಂದು ದ್ವೇಷಿಸಿದ್ದು ಬಹುಪಾಲು ವಾಸನೆಯನ್ನು. ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದೆ. ಒಂಬತ್ತನೆಯ ಗೀಟಿನವರೆಗೆ ಏನೂ ಬದಲಾಗಲಿಲ್ಲ. ಹದಿಮೂರನೆಯ ದಿನ ರೊಟ್ಟಿ ಮುಗಿದ ಮೇಲೆ ನೋಡಿದರೆ, ಎಣಿಕೆಯಲ್ಲಿರದ ಇನ್ನೊಂದು ಹೋಳನ್ನು ನಾನೇ ತೆಗೆದುಕೊಂಡಿದ್ದೆ. ತೆಳ್ಳಗಿನ ಹಳದಿ ಬಿಲ್ಲೆ, ಅಂಚಿಗೆ ಅರೆದ ಸಾಸಿವೆ ಮೆತ್ತಿಕೊಂಡು, ಕಚ್ಚಿದರೆ ಇನ್ನೂ ಕರಕ್ ಎನ್ನುತ್ತಿತ್ತು.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು. ಆದರೆ ಆ ರಾತ್ರಿ ಕಳಲೆಯ ಬಗ್ಗೆಯೂ ಓದಿದೆ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿರುತ್ತದೆ. ಅದಕ್ಕೇ ಹೆಚ್ಚಿದ ಹೋಳನ್ನು ಮೂರು ದಿನ ನೀರಿನಲ್ಲಿಟ್ಟು ದಿನಕ್ಕೊಮ್ಮೆ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಾರೆ. ಇದು ನಿಮಗೆಲ್ಲ ಗೊತ್ತಿರುವುದೇ. ನಾನು ಮೋರಿಗೆ ಸುರಿದ ಪ್ರತಿ ಬಾಟಲಿಯ ಹಿಂದೆ ಆ ಮೂರು ದಿನಗಳಿದ್ದವು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನೀನು ಎಳ್ಳು ಅಮಾವಾಸ್ಯೆಗೆ ನಮ್ಮ ಹೊಲಕ್ಕೆ ಬಂದದ್ದು ನೆನಪಾಯಿತು. ಭಜ್ಜಿಯಲ್ಲಿ ಯಾವ ಯಾವ ಸೊಪ್ಪು, ಯಾವ ಯಾವ ಕಾಳು ಇದೆಯೆಂದು ನಿನಗೆ ತಿಳಿದಿರಲಿಲ್ಲ. ಸಜ್ಜೆ ಕಡುಬಿಗೆ ಹಚ್ಚಿಕೊಂಡು ಮೂರು ಸಲ ಬಡಿಸಿಕೊಂಡು, ಅಂಬಲಿ ಕುಡಿದು, ಆಮೇಲೆ ‘ಇದರಲ್ಲಿ ಏನೇನು ಹಾಕ್ತಾರೆ?’ ಎಂದು ಕೇಳಿದೆ. ನಾನು ಮೊದಲು ಕೇಳುತ್ತಿದ್ದೆ, ಅದೂ ಏನು ಹಾಕಿದ್ದಾರೆಂದಲ್ಲ, ಯಾರ ಮನೆಯದೆಂದು. ‘ನಮ್ಮ ಹುಡುಗ ಮಂದಿ ಮನ್ಯಾಗ ನೀರ ಸೈತ ಕುಡಿಯಂಗಿಲ್ಲ’ ಎಂದು ನಮ್ಮ ಆಯಿ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಉಬ್ಬುತ್ತಿದ್ದೆ. ನನಗೆ ಆಗದ ಪದಾರ್ಥಗಳ ಪಟ್ಟಿ ಬರೆದರೆ ಅದರಲ್ಲಿ ಅರ್ಧದಷ್ಟನ್ನು ನಾನು ರುಚಿ ನೋಡಿಯೇ ಇಲ್ಲ. ಅವು ಯಾರ ಒಲೆಯಿಂದ ಬಂದವು ಎಂಬುದಷ್ಟೇ ನನಗೆ ಚೆನ್ನಾಗಿ ನೆನಪಿದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರಿನಲ್ಲಿ ಕುಳಿತು ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮದೇ ಎಂದು ಬೀಗುವ ಶೇಂಗಾ ಹಿಂಡಿಯ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ನಮ್ಮ ಮನೆತನದಲ್ಲಿ ಯಾರೋ ಒಬ್ಬರು ಯಾರ ಮನೆಯದೆಂದು ಕೇಳದೆ ಅವನ್ನು ಬಾಯಿಗಿಟ್ಟಿರಬೇಕು. ಆ ಗುಣ ನನ್ನವರೆಗೆ ಬರಲಿಲ್ಲ.

ಇರಲಿ, ಅಧ್ಯಕ್ಷರ ಎದುರು ಇಷ್ಟು ಗಂಭೀರವಾದರೆ ದಂಡ ಕಟ್ಟಬೇಕಾದೀತು.

ಕಳೆದ ಭಾನುವಾರ ಅಮ್ಮ ಫೋನು ಮಾಡಿ ‘ಹೇಗಾಗಿದೆ?’ ಎಂದರು. ಮೊದಲ ಬಾರಿಗೆ ನನ್ನ ಸ್ವಂತ ನಾಲಿಗೆಯಿಂದ, ಎದೆಯುಬ್ಬಿಸಿ, ‘ಎಲ್ಲ ಚೆನ್ನಾಗಿದೆ ಅಮ್ಮ, ಉಪ್ಪು ಮಾತ್ರ ಸ್ವಲ್ಪ ಹೆಚ್ಚು’ ಎಂದೆ. ಆ ಕಡೆ ಒಂದು ಕ್ಷಣ ಮೌನ. ‘ಹೋದ ವರ್ಷ ಉಪ್ಪು ಸಾಲದು ಅಂದವನು ನೀನೇ ಅಲ್ಲವಾ?’

ಉಳಿದ ಅರ್ಧ ಬಾಟಲಿ ಹಿಡಿದು ಬರುವ ಶನಿವಾರ ಸೇಡಂ ಬಸ್ಸು ಹತ್ತುತ್ತಿದ್ದೇನೆ. ಅಮ್ಮನಿಗೆ ಏನು ಹೇಳಬೇಕೆಂದು ಕಾಕಾ ಅವರನ್ನು ಕೇಳಿಕೊಂಡು ಬರುತ್ತೇನೆ.

ನಿನ್ನ,
61 ಅಂಕದವನು