ಬಿಂಕದ ಕುದುರೆಯ ಒಡೆಯರಿಗೂ, ನಿಮಗೂ

ನಮ್ಮ ಯಜಮಾನರು ತೀರಿಕೊಂಡು ಕಳೆದ ವಾರಕ್ಕೆ ವರ್ಷ ತುಂಬಿತು. ವರ್ಷಾಂತಿಕದ ಕಾರ್ಯಗಳು ಮುಗಿದ ಮೇಲೆ, ಆರು ವರ್ಷಗಳ ಆರೈಕೆಯಲ್ಲಿ ನನ್ನ ಜೊತೆಗಿದ್ದವರಿಗೆ ನಾಲ್ಕು ಸಾಲು ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲವೆನ್ನಿಸಿ ಕುಳಿತಿದ್ದೇನೆ. ಮೊದಲ ನಮಸ್ಕಾರ, ನಾವು ಯಾರೆಂಬುದು ಗೊತ್ತಿರಲು ಸಾಧ್ಯವೇ ಇರದಿದ್ದ ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರಿಗೆ.

ಪರಿಚಯವೆಂದರೆ ಎರಡು ನಿಮಿಷದ್ದು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ, ಪುಸ್ತಕದಂಗಡಿಯೊಂದರ ಮುಂದೆ ಉದ್ದನೆಯ ಸಾಲಿನಲ್ಲಿ ನಿಂತು, ಕಪ್ಪು ಟೋಪಿಯ ಆ ಮನುಷ್ಯನಿಂದ ಸಹಿ ಹಾಕಿಸಿಕೊಂಡು ಬಂದಿದ್ದೆವು. ಆಮೆಯ ಬೆನ್ನ ಮೇಲೆ ನಿಂತ ನಾಲ್ಕು ಆನೆಗಳು ಹೊತ್ತ ಚಪ್ಪಟೆ ಲೋಕವೊಂದನ್ನು ಕಟ್ಟಿ, 1983ರಿಂದ ಆ ಲೋಕದ 41 ಕಾದಂಬರಿಗಳನ್ನು ಬರೆದವರು ಅವರು. ದಿಗ್ಗಜಗಳನ್ನೂ ಆದಿಕೂರ್ಮನನ್ನೂ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದಿದ್ದ ನಮ್ಮವರಿಗೆ ಅದು ಪರಕೀಯವೆನ್ನಿಸಲೇ ಇಲ್ಲ. ಅಲ್ಲಿನ ಮೃತ್ಯು ಏರುವ ಬಿಳಿ ಕುದುರೆಯ ಹೆಸರು ಬಿಂಕಿ. “ಯಮನ ಕೋಣಕ್ಕಿಂತ ಈ ಬಿಂಕದ ಕುದುರೆಯೇ ವಾಸಿ” ಎಂದು ನಗುತ್ತಿದ್ದರು. 2015ರ ಮಾರ್ಚಿನಲ್ಲಿ ಲೇಖಕರು ತೀರಿಕೊಂಡಾಗ ನಮ್ಮವರು ಒಂದು ಹೊತ್ತಿನ ಊಟ ಬಿಟ್ಟಿದ್ದರು.

ಆಮೇಲೆ, ತಮ್ಮ 58ನೇ ವಯಸ್ಸಿನಲ್ಲಿ, ನಮ್ಮವರ ಕೈ ಕಾಫಿ ಲೋಟವನ್ನು ಬಿಟ್ಟು ಪಕ್ಕದ ಮೇಜನ್ನು ತಡವತೊಡಗಿತು. ಕನ್ನಡಕ ಮೂರು ಸಲ ಬದಲಾಯಿತು. ಕಣ್ಣು ಸರಿಯಾಗಿಯೇ ಇದೆ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಹಿಂಭಾಗ ಸವೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಪಾಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ: ಪ್ರ್ಯಾಚೆಟ್ ಅವರಿಗೆ ಬಂದಿದ್ದ, ಆಲ್ಝೈಮರ್ ಕಾಯಿಲೆಯ ಅದೇ ವಿರಳ ರೂಪ. ಊರಿಗೆ ಫೋನ್ ಮಾಡಿದಾಗಲೆಲ್ಲ ನಾನು ಕಣ್ಣಿನ ತೊಂದರೆ ಎಂದಷ್ಟೇ ಹೇಳುತ್ತಿದ್ದೆ. ಅರಳುಮರಳು ಎಂಬ ಮಾತು ಊರಿನವರ ಕಿವಿಗೆ ಬೀಳಬಾರದಿತ್ತು. ಪ್ರ್ಯಾಚೆಟ್ 2007ರ ಡಿಸೆಂಬರಿನಲ್ಲಿ ಓದುಗರಿಗೆಲ್ಲ ತಾವೇ ವಿಷಯ ತಿಳಿಸಿ, ಮರುವರ್ಷ ಸಂಶೋಧನೆಗೆ ಹತ್ತು ಲಕ್ಷ ಡಾಲರ್ ಕೊಟ್ಟಿದ್ದರು. ಅದನ್ನು ನೆನಪಿಸಿದವರು ನಮ್ಮವರೇ: “ಅವರು ಲೋಕಕ್ಕೇ ಹೇಳಿದರು, ನೀನು ಅಮ್ಮನಿಗಾದರೂ ಹೇಳು.”

ಹೇಳಿದೆ. ಹೇಳಿದ್ದರಿಂದಲೇ ನೀವೆಲ್ಲ ಬಂದಿರಿ. ಮೆಟ್ಟಿಲುಗಳ ಅಂಚಿಗೆ ಹಳದಿ ಟೇಪು ಅಂಟಿಸಿಕೊಟ್ಟ ಪಕ್ಕದ ಮನೆಯವರಿಗೆ, ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಅವರಿಗೆ ಕಾಣಿಸುವುದಿಲ್ಲ, ನೀಲಿ ತಟ್ಟೆ ತನ್ನಿ ಎಂದು ಹೇಳಿಕೊಟ್ಟ ನರ್ಸಮ್ಮನವರಿಗೆ, ಸಾರು ಹುಳಿಯ ಡಬ್ಬಿಗಳನ್ನು ಬಾಗಿಲಲ್ಲಿಟ್ಟು ಸದ್ದಿಲ್ಲದೆ ಹೋಗುತ್ತಿದ್ದ ಕನ್ನಡದ ಮನೆಗಳವರಿಗೆ ನಾನು ಋಣಿ. (ಡಬ್ಬಿಗಳು ಇನ್ನೂ ಹನ್ನೊಂದು ನಮ್ಮಲ್ಲೇ ಇವೆ, ಯಾರದೆಂದು ದಯವಿಟ್ಟು ತಿಳಿಸಿ.)

ಟೈಪು ಮಾಡಲಾಗದೆ ಪ್ರ್ಯಾಚೆಟ್ ಕೊನೆಯ ಪುಸ್ತಕಗಳನ್ನು ಬಾಯಲ್ಲಿ ಹೇಳಿ ಬರೆಸಿದ್ದರು. ಓದಲಾಗದ ನಮ್ಮವರು, ಚಿಕ್ಕಂದಿನಲ್ಲಿ ಗಮಕಿಗಳಿಂದ ಕುಮಾರವ್ಯಾಸನನ್ನು ಕೇಳಿದ ಹಾಗೆಯೇ, ಕಣ್ಣು ಮುಚ್ಚಿ ಅವನ್ನು ಕೇಳಿದರು. ಎರಡು ವರ್ಷ ಶನಿವಾರ ತಪ್ಪಿಸದೆ ಬಂದು ಓದಿದ ಎದುರುಮನೆಯ ಹುಡುಗನಿಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳಲಿ? ಮೃತ್ಯುವಿನ ಮಾತುಗಳೆಲ್ಲ ದೊಡ್ಡಕ್ಷರದಲ್ಲಿ ಅಚ್ಚಾಗಿರುತ್ತವೆಂದು, ಅವು ಬಂದಾಗಲೆಲ್ಲ ಅವನು ತನ್ನ ಎಳೆಯ ದನಿಯನ್ನು ಭಾರ ಮಾಡಿಕೊಳ್ಳುತ್ತಿದ್ದ. ಕೊನೆಯ ಚಳಿಗಾಲದಲ್ಲಿ, ನನ್ನ ಹೆಸರೂ ಹೊಳೆಯದ ದಿನಗಳಲ್ಲಿ, ಆ ದನಿ ಕೇಳಿದೊಡನೆ ನಮ್ಮವರು ಕಣ್ಣು ತೆರೆದು “ಕುದುರೆ ಎಲ್ಲಿ?” ಎಂದು ಕೇಳುತ್ತಿದ್ದರು.